ಮರಳುಗಾಡಿನ ಹಾದಿಯಲ್ಲಿ

ಮರಳುಗಾಡು ಎಂದೊಡನೆ ಕಣ್ಣಮುಂದೆ ನಿಲ್ಲುವುದು ಸುಡುಬಿಸಿಲು, ಬಾಯಾರಿಕೆ ಮತ್ತು ದೃಷ್ಟಿ ಹಾಯುವವರೆಗೂ ಹರಡಿದ ಬರಿದು ನೆಲ. ಅಂಥಲ್ಲಿ ಮನುಷ್ಯನಿಗೇನು ಕೆಲಸ ಎಂಬ ಪ್ರಶ್ನೆ ಸಹಜವಾದುದೇ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ ನಗರದಿಂದ ಪೂರ್ವಕ್ಕೆ ಹೊರಡುವ ಪ್ರವಾಸಿಗೆ ಇದರ ಉತ್ತರ ದಾರಿಯುದ್ದಕ್ಕೂ ದೊರೆಯುತ್ತದೆ. ಆ ದಾರಿಯಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿಗಳು ನಿರ್ಮಿಸಿದ ಮನೆಗಳಿವೆ. ವಾಸ್ತುಶಿಲ್ಪವನ್ನು ಎಂದೂ ಕಲಿಯದವನೊಬ್ಬನು ಕೈಯಾರೆ ಕಟ್ಟಿದ ಬೆಟ್ಟವೂ ಇದೆ.

ನಗರದ ಗದ್ದಲ ಹಿಂದೆ ಸರಿದಂತೆ ಹೆದ್ದಾರಿಯು ಹತ್ತು ಸಾವಿರ ಅಡಿಗೂ ಎತ್ತರವಾದ ಎರಡು ಪರ್ವತಗಳ ನಡುವಣ ಕಣಿವೆಯನ್ನು ಹೊಗುತ್ತದೆ. ಅಲ್ಲಿ, ಕ್ಯಾಬಜಾನ್ ಎಂಬ ಊರಿನ ಬಳಿ, ಭಾರಿ ಡೈನೋಸಾರೊಂದು ಕತ್ತೆತ್ತಿ ನಿಂತಿದೆ! ಅದರ ಉದ್ದ 150 ಅಡಿ, ಎತ್ತರ 45 ಅಡಿ. ರಸ್ತೆಬದಿಯಲ್ಲಿ ಹೋಟೆಲು ನಡೆಸುತ್ತಿದ್ದ ಕ್ಲಾಡ್ ಬೆಲ್ ಎಂಬ ಶಿಲ್ಪಿಯು ಗಿರಾಕಿಗಳನ್ನು ಸೆಳೆಯಲು 1964ರಲ್ಲಿ ಇದರ ಕೆಲಸವನ್ನು ಆರಂಭಿಸಿದನು. ಆಗಲೇ ಅವನಿಗೆ ಅರವತ್ತು ದಾಟಿತ್ತು. ಸಮೀಪದ ಹೆದ್ದಾರಿಯ ಕಾಮಗಾರಿಯಲ್ಲಿ ಮಿಕ್ಕಿದ ಉಕ್ಕು, ಕಾಂಕ್ರೀಟುಗಳೇ ಅವನ ಸಾಮಗ್ರಿ. ಕಸದಿಂದ ರಸ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. 1981ರಲ್ಲಿ 65 ಅಡಿ ಎತ್ತರದ ಇನ್ನೊಂದು ಪ್ರಾಣಿಯನ್ನೂ ಅವನು ಆರಂಭಿಸಿದನು. 1988ರಲ್ಲಿ ಬೆಲ್ ತೀರಿಕೊಂಡನು. 2013ರಲ್ಲಿ ಹೋಟೆಲೂ ಮುಚ್ಚಿತು. ಅದರ ಜಾಹೀರಾತಾಗಿ ಹುಟ್ಟಿದ ಪ್ರಾಣಿಗಳು ಮಾತ್ರ ಇಂದಿಗೂ ಮಕ್ಕಳನ್ನು ನಗಿಸುತ್ತ ನಿಂತಿವೆ.

ಮುಂದೆ ಗಾಳಿಯಂತ್ರಗಳ ಕಾಡನ್ನು ದಾಟಿ 111ನೆಯ ಹೆದ್ದಾರಿಗೆ ಹೊರಳಿದರೆ ಪಾಮ್ ಸ್ಪ್ರಿಂಗ್ಸ್ ಬರುತ್ತದೆ. ಇಲ್ಲಿಯ ಬೇಸಿಗೆ ಅತಿ ಕಠಿಣ. 2024ರ ಜುಲೈ ತಿಂಗಳಲ್ಲಿ ಉಷ್ಣತೆ 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಊರ ಬಾಗಿಲಲ್ಲೇ ರೆಕ್ಕೆ ಚಾಚಿದ ಹಕ್ಕಿಯಂಥ ಚಾವಣಿಯ ಕಟ್ಟಡವೊಂದು ಕಾಣುತ್ತದೆ. 1965ರಲ್ಲಿ ಇದನ್ನು ಕಟ್ಟಿದ್ದು ಪೆಟ್ರೋಲ್ ಬಂಕಿಗಾಗಿ! ಆಲ್ಬರ್ಟ್ ಫ್ರೇ ಮತ್ತು ರಾಬ್ಸನ್ ಚೇಂಬರ್ಸ್ ಇದರ ವಿನ್ಯಾಸಕಾರರು. ಬಂಕು ಮುಚ್ಚಿದ ಮೇಲೆ 1990ರ ದಶಕದಲ್ಲಿ ಇದನ್ನು ಕೆಡಹುವ ಮಾತು ಬಂತು. ಅದರ ಬೆಲೆಯನ್ನು ಬಲ್ಲವರು ವಿರೋಧಿಸಿದ್ದರಿಂದ ಅದು ಉಳಿಯಿತು. 2003ರಲ್ಲಿ ಅದು ಪ್ರವಾಸಿಗರ ಮಾಹಿತಿ ಕೇಂದ್ರವಾಯಿತು.

ಫ್ರೇ ಸ್ವಿಟ್ಜರ್‌ಲೆಂಡಿನಲ್ಲಿ 1903ರಲ್ಲಿ ಜನಿಸಿದವನು. ನಮ್ಮ ಚಂಡೀಗಢ ನಗರವನ್ನು ಮುಂದೆ ರೂಪಿಸಿದ ಲ ಕಾರ್ಬೂಸಿಯೆಯ ಪ್ಯಾರಿಸ್ ಕಚೇರಿಯಲ್ಲಿ ದುಡಿದು, 1930ರಲ್ಲಿ ಅಮೆರಿಕಕ್ಕೆ ಬಂದನು. ಉಕ್ಕು, ಗಾಜು, ತಗಡುಗಳಂಥ ಕಾರ್ಖಾನೆಯ ಸರಕನ್ನು ಮರೆಮಾಚದೆ ಬಳಸುವುದು, ಅನಾವಶ್ಯಕ ಅಲಂಕಾರವನ್ನು ಬಿಡುವುದು ಆಧುನಿಕ ವಾಸ್ತುಶಿಲ್ಪದ ಮುಖ್ಯ ಲಕ್ಷಣಗಳು. ಫ್ರೇ ಇವುಗಳಿಗೆ ಮರಳುಗಾಡಿನ ವಿವೇಕವನ್ನು ಕೂಡಿಸಿದನು. 1964ರಲ್ಲಿ ಗುಡ್ಡದ ಇಳಿಜಾರಿನಲ್ಲಿ ತನಗಾಗಿ ಪುಟ್ಟ ಮನೆ ಕಟ್ಟಿಕೊಳ್ಳುವ ಮುನ್ನ, ಅಲ್ಲಿ ಕಂಬ ನೆಟ್ಟು ಸೂರ್ಯನ ಚಲನೆಯನ್ನು ಅಳೆದನು. ಜಾಗದಲ್ಲಿದ್ದ ದೊಡ್ಡ ಬಂಡೆಯನ್ನು ಒಡೆಯಲಿಲ್ಲ. ಬಂಡೆಯ ಆಕಾರಕ್ಕೆ ಸರಿಯಾಗಿ ಗಾಜನ್ನೇ ಕತ್ತರಿಸಿ ಕೂಡಿಸಿದನು. ಬಂಡೆ ಮನೆಯೊಳಗೆ ಬಂದು ಮಲಗುವ ಎಡೆಗೂ ಕೂರುವ ಎಡೆಗೂ ನಡುವಿನ ಗೋಡೆಯಾಯಿತು. ನೆಲವನ್ನು ತನಗೆ ಬೇಕಾದಂತೆ ಬಗ್ಗಿಸುವುದು ಸುಲಭ. ನೆಲಕ್ಕೆ ತಾನು ಬಾಗುವುದು ಕಷ್ಟ. ಫ್ರೇ ಈ ಕಷ್ಟದ ದಾರಿಯನ್ನೇ ಆರಿಸಿಕೊಂಡನು.

ಅದೇ ಹೆದ್ದಾರಿ ಆಗ್ನೇಯಕ್ಕೆ ಸಾಗಿ ಸಾಲ್ಟನ್ ಸರೋವರದ ದಂಡೆಯನ್ನು ಸೇರುತ್ತದೆ. 1905ರಲ್ಲಿ ಕಾಲುವೆಯ ಕಟ್ಟು ಒಡೆದು ಕೊಲರಾಡೊ ನದಿ ಎರಡು ವರ್ಷ ಕಾಲ ಈ ತಗ್ಗಿಗೆ ನುಗ್ಗಿದ್ದರಿಂದ ಹುಟ್ಟಿದ ಸರೋವರವಿದು. ಒಂದು ಕಾಲಕ್ಕೆ ಇದರ ತೀರದಲ್ಲಿ ವಿಹಾರಧಾಮಗಳು ಮೆರೆದವು. ಈಗ ನೀರು ಹಿಂಜರಿಯುತ್ತಿದೆ, ಉಪ್ಪು ಹೆಚ್ಚುತ್ತಿದೆ. ನೆಲದ ಗುಣವನ್ನರಿಯದೆ ನೀರನ್ನು ತಿರುಗಿಸಹೋದುದರ ಫಲ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸರೋವರವನ್ನು ದಾಟಿ, ನೈಲಂಡ್ ಎಂಬ ಊರಿನ ಬಳಿ, ಬೂದುಬಣ್ಣದ ಬಯಲಿನಲ್ಲಿ ಹೋಳಿಯಾಡಿದಂತೆ ಬಣ್ಣಬಣ್ಣದ ಗುಡ್ಡವೊಂದು ಹೊಳೆಯುತ್ತದೆ. ಇದು ಸಾಲ್ವೇಶನ್ ಮೌಂಟನ್, ಎಂದರೆ ಮುಕ್ತಿಯ ಬೆಟ್ಟ. ಲಿಯೊನಾರ್ಡ್ ನೈಟ್ ಎಂಬ ಸಾಮಾನ್ಯ ಶ್ರಮಜೀವಿ 1980ರ ದಶಕದಲ್ಲಿ ಇದನ್ನು ಕಟ್ಟತೊಡಗಿದನು. ಮಲಗಲು ಒಂದು ಹಳೆಯ ಲಾರಿ. ವಿದ್ಯುತ್ತಿಲ್ಲ, ನಲ್ಲಿಯ ನೀರಿಲ್ಲ. ಮರಳು ಹೆಚ್ಚಾಗಿ, ಸಿಮೆಂಟು ಕಡಮೆಯಾಗಿ ಬೆರೆತಿದ್ದ ಮೊದಲ ಗುಡ್ಡ 1989ರಲ್ಲಿ ಕುಸಿದುಬಿತ್ತು. ವರ್ಷಗಳ ದುಡಿಮೆ ಮಣ್ಣುಪಾಲಾದರೂ ಅವನು ಎದೆಗುಂದಲಿಲ್ಲ. ಈ ಸಲ ಅಲ್ಲಿಯದೇ ಜೇಡಿಮಣ್ಣಿಗೆ ಒಣಹುಲ್ಲು ಕಲಸಿ ಕಟ್ಟಿದನು. ಬಂದವರು ಕೊಟ್ಟ ಬಣ್ಣವನ್ನು ಪದರ ಪದರವಾಗಿ ಬಳಿದು, ದೇವರೆಂದರೆ ಪ್ರೀತಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದನು. ನೈಟ್ 2014ರಲ್ಲಿ ನಿಧನನಾದನು. ಬಿಸಿಲು, ಗಾಳಿ, ಮಳೆಗಳಿಗೆ ಬಿರಿಯುವ ಆ ಬೆಟ್ಟಕ್ಕೆ ಅವನ ಬಳಿಕ ಸ್ವಯಂಸೇವಕರು ಬಣ್ಣ ಬಳಿಯುತ್ತ ಬಂದಿದ್ದಾರೆ.

ಒಬ್ಬನು ವ್ಯಾಪಾರಕ್ಕಾಗಿ ಕಟ್ಟಿದನು, ಒಬ್ಬನು ಬಾಳುವುದಕ್ಕಾಗಿ, ಮತ್ತೊಬ್ಬನು ಭಕ್ತಿಗಾಗಿ. ಒಬ್ಬನ ವಿದ್ಯೆ ಪ್ಯಾರಿಸ್ಸಿನದು, ಇನ್ನೊಬ್ಬನದು ಕುಸಿದ ಗುಡ್ಡ ಕಲಿಸಿದ್ದು. ಆದರೂ ಕೈಗೆಟುಕಿದ ಸರಳ ಸಾಮಗ್ರಿಯನ್ನು ಕೀಳೆಂದು ಬಗೆಯದಿರುವುದರಲ್ಲಿ ಮೂವರೂ ಸಮಾನರು. ಅವರು ಕಟ್ಟಿದ್ದನ್ನು ಮರಳುಗಾಡು ತಾನಾಗಿ ಕಾಯುವುದಿಲ್ಲ. ಪೆಟ್ರೋಲ್ ಬಂಕನ್ನು ಉಳಿಸಿದವರು, ಮಣ್ಣಿನ ಬೆಟ್ಟಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯುವವರು ಅದನ್ನು ಅರಿತವರು. ಕಟ್ಟಿದವನ ಹೆಸರು ಫಲಕದ ಮೇಲೆ ಉಳಿಯುತ್ತದೆ. ಕಾಯ್ದವರ ಹೆಸರು ಹಲವು ವೇಳೆ ಎಲ್ಲಿಯೂ ಇರುವುದಿಲ್ಲ. ಆದರೆ ಅವರಿಲ್ಲದಿದ್ದರೆ ದಾರಿಹೋಕನಿಗೆ ನೋಡಲು ಉಳಿಯುತ್ತಿದ್ದುದು ಬರಿಯ ಮರಳು.