ಹೆಸರು ಕೆತ್ತಿದ ಪಾತ್ರೆ

ಭಾನುವಾರ ಬೆಳಗಿನ ಜಾವ ನಾನು ಕೈಚೀಲ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರೆ ನಮ್ಮ ಯಜಮಾನರು ಹೊದಿಕೆಯ ಒಳಗಿನಿಂದಲೇ ಕೇಳುತ್ತಾರೆ: "ಇವತ್ತು ಯಾರ ಮನೆ ಹಾಳುಮೂಳು ನಮ್ಮನೆಗೆ?" ಮೂವತ್ತು ವರ್ಷ ಮಕ್ಕಳಿಗೆ ಕನ್ನಡ, ಸಮಾಜ ಪಾಠ ಹೇಳಿ ಯಾವ ಪ್ರಶ್ನೆಗೂ ಉತ್ತರ ಕೊಡುವ ಅಭ್ಯಾಸವಾಗಿರುವ ನಾನು ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡದೆ ಬಾಗಿಲೆಳೆದುಕೊಂಡು ಹೊರಡುತ್ತೇನೆ. ತಿಂಗಳಿಗೊಂದು ಸಲವಾದರೂ ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋಗದಿದ್ದರೆ ನನಗೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ನೋಡದವರಿಗಾಗಿ ಹೇಳುತ್ತೇನೆ. ವಾರದ ದಿನಗಳಲ್ಲಿ ಅದು ಕಾಲಿಡಲು ಜಾಗವಿಲ್ಲದ ವ್ಯಾಪಾರದ ಪೇಟೆ. ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುವಾಗ ಅವುಗಳ ಮುಂದೆಯೇ ಟಾರ್ಪಾಲು ಹಾಸಿ ಕೂರುವವರ ಸಂತೆ. ತುಕ್ಕು ಹಿಡಿದ ಸ್ಪಾನರು, ಒಂಟಿ ಷೂ, ಬೆರಳು ಹಾಕಿ ತಿರುಗಿಸುವ ಟೆಲಿಫೋನು, ಅಕ್ಷರ ಸವೆದ ಟೈಪ್‌ರೈಟರು, ಯಾರದೋ ಮದುವೆಯ ಫೋಟೋ ಇನ್ನೂ ಒಳಗೇ ಇರುವ ಚೌಕಟ್ಟು. ಮೊದಲೆಲ್ಲ ಮೆಜೆಸ್ಟಿಕ್‌ನಿಂದ ನಡೆದೇ ಹೋಗುತ್ತಿದ್ದೆ. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೋ ಬಂದ ಮೇಲೆ ನೆಲದಡಿಯಿಂದ ಮೇಲೆ ಬಂದರೆ ಸಾಕು, ಪೇಟೆ ಎದುರಿಗೇ.

ಹಳೆಯ ವಸ್ತು ಕೊಳ್ಳುವುದೂ ಒಂದು ವಿದ್ಯೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಗಾದೆ. ಹಳದಿಯಾಗಿರುವುದೆಲ್ಲ ಹಿತ್ತಾಳೆಯಲ್ಲ ಎಂಬುದು ನಾನು ದುಡ್ಡು ಕೊಟ್ಟು ಕಲಿತ ಗಾದೆ. ಮೊದಲ ವರ್ಷವೇ ಒಂದು "ಹಿತ್ತಾಳೆ" ದೀಪ ತಂದು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಒಳಗಿನ ಕಬ್ಬಿಣ ಹಲ್ಲು ಕಿಸಿಯಿತು. ಅಂದಿನಿಂದ ನನ್ನ ಚೀಲದಲ್ಲಿ ಒಂದು ಅಯಸ್ಕಾಂತ ಖಾಯಂ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಮೇಲೆ ಲೇಪ ಕೊಟ್ಟ ಕಬ್ಬಿಣಕ್ಕೆ ಟಪ್ಪೆಂದು ಅಂಟುತ್ತದೆ. ಕಂಚೋ ಹಿತ್ತಾಳೆಯೋ ಅನುಮಾನ ಬಂದರೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ಕಿವಿಗೊಡಬೇಕು. ಕಂಚಿನ ನಾದ ಬೇಗ ನಿಲ್ಲುವುದಿಲ್ಲ. ಇನ್ನು ಹಿತ್ತಾಳೆ ಕೊಳವೆ ಫಳಫಳ ಹೊಳೆಯುವ "ಬ್ರಿಟಿಷರ ಕಾಲದ" ಗ್ರಾಮಫೋನು ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಮುಂದೆ ಹೋಗುವುದು ಕ್ಷೇಮ. ಅಂಥವುಗಳಲ್ಲಿ ಎಷ್ಟೋ ಈಚೆಗೆ ಹುಟ್ಟಿದವು.

ಎಚ್.ಎಂ.ಟಿ. ವಾಚುಗಳದ್ದೂ ಅದೇ ಕಥೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಗಡಿಯಾರ ಅದು. ನಮ್ಮ ತುಮಕೂರಿನಲ್ಲೂ ಅದರ ಕಾರ್ಖಾನೆ ಇತ್ತು. 2016ರಲ್ಲಿ ಕೇಂದ್ರ ಸರ್ಕಾರ ಆ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿದ್ದೇ ತಡ, ಅಲ್ಲಿಯವರೆಗೆ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದ ವಾಚಿಗೆ ಎಲ್ಲಿಲ್ಲದ ಬೆಲೆ ಬಂತು. ಹಿತ್ತಿಲ ಗಿಡ ಮದ್ದಲ್ಲ, ಗಿಡ ಕಡಿದ ಮೇಲೆ ಮದ್ದು! ಈಗ ನಾಲ್ಕು ವಾಚಿನ ಭಾಗ ಸೇರಿಸಿ, ಮುಖಕ್ಕೆ ಹೊಸದಾಗಿ ನೀಲಿ ಕೆಂಪು ಬಣ್ಣ ಬಳಿದು "ಒರಿಜಿನಲ್ ಜನತಾ" ಎಂದು ಮಾರುವವರಿದ್ದಾರೆ. ಮುಖ ಹೊಸದಾಗಿ, ಬೆನ್ನು ಸವೆದಿದ್ದರೆ ಕೊಳ್ಳಬಾರದು. ಇದು ವಾಚಿಗೆ ಮಾತ್ರ ಹೇಳಿದ ಮಾತು. ನನ್ನ ವಯಸ್ಸಿನ ಹೆಂಗಸರು ಬೇಸರ ಮಾಡಿಕೊಳ್ಳಬಾರದು.

ಚೌಕಾಶಿಗೂ ನಿಯಮಗಳಿವೆ. ಬೇಕಾದ ವಸ್ತುವಿನ ಮೇಲೆ ಕಣ್ಣು ನಿಲ್ಲಿಸಬಾರದು. ಪಕ್ಕದ್ದರ ಬೆಲೆ ಮೊದಲು ಕೇಳಬೇಕು. ಮುಖದಲ್ಲಿ ಸಂತೋಷ ಕಾಣಿಸಲೇಬಾರದು. ಹೀಗೆ ಮುಖ ಗಂಟಿಕ್ಕಿಕೊಂಡೇ 120 ರೂಪಾಯಿಗೆ ಸರ್ಕಾರದ ಮುದ್ರೆ ಒತ್ತಿದ ಒಂದು ಪಾವು ತಂದೆ. ತರಗತಿಗೆ ಒಯ್ದು ಮಕ್ಕಳ ಕೈಯಲ್ಲಿ ಅಕ್ಕಿ ಅಳೆಸಿ, ನಾಲ್ಕು ಪಾವಿಗೆ ಒಂದು ಸೇರು ಎಂದು ತೋರಿಸಿದೆ. ಇನ್ನೊಂದು ಸಲ ಹಳೆಯ ನಾಣ್ಯ ಒಂದು ಹಿಡಿ ತಂದು, 1957ರ ಏಪ್ರಿಲ್ 1ರ ತನಕ ರೂಪಾಯಿಗೆ 16 ಆಣೆ, 192 ಕಾಸು ಇದ್ದವೆಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಮಿಸ್, ಆಗ ಲೆಕ್ಕದಲ್ಲಿ ಯಾರೂ ಪಾಸಾಗ್ತಿರಲಿಲ್ಲ ಬಿಡಿ" ಎಂದ. ಪುಸ್ತಕದ ಪಾಠಕ್ಕೆ ಸಿಗದ ಗಮನ ನನ್ನ ಗುಜರಿಗೆ ಸಿಕ್ಕಿತು.

ಇಷ್ಟೆಲ್ಲ ಹೇಳಿದ್ದು ನಿಜವೇ ಆದರೂ ನಾನು ಹೋಗುವುದು ಪಾವಿಗೂ ಅಲ್ಲ, ನಾಣ್ಯಕ್ಕೂ ಅಲ್ಲ. ನಾನು ಹೋಗುವುದು ಹೆಸರು ಓದುವುದಕ್ಕೆ.

ನಮ್ಮ ಕಡೆ ಪಾತ್ರೆ ಕೊಂಡರೆ ಅದರ ಕಂಠದ ಮೇಲೆ ಹೆಸರು ಕೊರೆಸುವ ಪದ್ಧತಿ ಉಂಟಷ್ಟೆ. ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಮೂಡಿದ ಅಕ್ಷರಗಳು. ಚಿಕ್ಕಪೇಟೆಯ ಟಾರ್ಪಾಲಿನ ಮೇಲೆ ಕವುಚಿ ಬಿದ್ದಿರುವ ಬಿಂದಿಗೆ, ಚೊಂಬು, ತಪ್ಪಲೆಗಳನ್ನು ನಾನು ಒಂದೊಂದಾಗಿ ಎತ್ತಿ ಕಂಠ ತಿರುಗಿಸಿ ಓದುತ್ತೇನೆ. ಸೋದರಮಾವನ ಉಡುಗೊರೆ, ಗೃಹಪ್ರವೇಶದ ನೆನಪು, ಸೌಭಾಗ್ಯವತಿ ಇಂಥವರಿಗೆ. ವ್ಯಾಪಾರಿಗಳು ನನ್ನನ್ನು ಬೆಲೆ ತಿಳಿದ ಗಿರಾಕಿ ಎಂದುಕೊಂಡಿದ್ದಾರೆ. ನಾನು ಹುಡುಕುವುದು ನಮ್ಮಮ್ಮನ ಹೆಸರನ್ನು.

1991ರಲ್ಲಿ ನನಗೆ ಬಿ.ಇಡಿ. ಸೀಟು ಸಿಕ್ಕಿತು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಫೀಜು ಕಟ್ಟಲು ಕೊನೆಯ ದಿನಕ್ಕೆ ಮೂರು ದಿನ ಮುಂಚೆ ಅಮ್ಮ ಅಟ್ಟದಿಂದ ತಾಮ್ರದ ಹಂಡೆ, ಎರಡು ಹಿತ್ತಾಳೆ ಬಿಂದಿಗೆ, ಮದುವೆಗೆ ತವರಿನವರು ಕೊಟ್ಟಿದ್ದ ಕೊಳದಪ್ಪಲೆ ಇಳಿಸಿ ಜಗಲಿಯ ಮೇಲಿಟ್ಟರು. ತಕ್ಕಡಿಯವನು ಬಂದ. ತೂಗುವಾಗ ಪಕ್ಕದ ಮನೆಯವರು ಬೇಲಿಯಾಚೆಯಿಂದ ಇಣುಕಿದರು. ಅಮ್ಮ ನಗುನಗುತ್ತ, "ಸುಮ್ನೆ ಜಾಗ ಹಿಡ್ಕೊಂಡಿತ್ತು ಕಣ್ರೀ. ಈಗಿನ ಕಾಲದಲ್ಲಿ ಯಾರು ತಿಕ್ತಾರೆ, ಸ್ಟೀಲೇ ಅನುಕೂಲ" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ನನಗಾಗ ಇಪ್ಪತ್ತೆರಡು ವರ್ಷ; ಗೊತ್ತಾಗದ ವಯಸ್ಸೇನಲ್ಲ. ನನಗೆ ಕೆಲಸ ಸಿಕ್ಕ ಮೇಲೆ ಅಮ್ಮನಿಗೆ ಸ್ಟೀಲಿನ ದೊಡ್ಡ ಡಬ್ಬಗಳನ್ನು ಕೊಡಿಸಿದೆ. ಆ ಪಾತ್ರೆಗಳ ಮಾತನ್ನು ಇಬ್ಬರೂ ಎತ್ತಲಿಲ್ಲ. 2008ರಲ್ಲಿ ಅಮ್ಮ ಹೋದರು. ಹುಡುಕಾಟ ಶುರುವಾದದ್ದು ಆಮೇಲೆ.

ಈಗ 2019ರ ಜೂನ್ ತಿಂಗಳ ಮಾತು. ನಮ್ಮ ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಗುಜರಿ ಅಂಗಡಿ. ಹಿತ್ತಾಳೆ ಬಂದರೆ ಅಂಗಡಿಯವನು ನನಗೆಂದು ಎತ್ತಿಡುತ್ತಿದ್ದ. ಆ ಸಂಜೆ ನಾನು ಹಳೆಯ ಪೇಪರಿನ ರಾಶಿಯ ಪಕ್ಕ ನಿಂತಿದ್ದಾಗ ಹೆಂಗಸೊಬ್ಬರು ಸೀರೆ ತುಂಡಿನಲ್ಲಿ ಸುತ್ತಿ ತಂದಿದ್ದ ಗಂಟು ಬಿಚ್ಚಿದರು. ಒಳಗೆ ಕೊಳದಪ್ಪಲೆ. ಕೈಯಲ್ಲಿ ಬಡಿದು ಮಾಡಿದ್ದು. ಮೈಮೇಲೆ ಸುತ್ತಿಗೆಯ ಗುರುತು ಸಾಲಾಗಿ ಕಾಣುತ್ತಿತ್ತು. ಕಲಾಯಿ ಹೋಗಿ ಒಳಗೆ ಕಪ್ಪಾಗಿತ್ತು. ತೂಕದ ಯಂತ್ರ 2 ಕಿಲೋ 800 ಗ್ರಾಂ ತೋರಿಸಿತು. ಕಿಲೋಗೆ 300ರಂತೆ 840. ಮಸಿ, ಬೆಸುಗೆ ಅಂತ ಕಳೆದು 800 ಕೊಡುತ್ತೇನೆಂದ. ಅವರು ತುಟಿ ಬಿಚ್ಚಲಿಲ್ಲ.

ಚಿಕ್ಕಪೇಟೆಯಲ್ಲಿ ಅದು 2000ಕ್ಕೆ ಕಡಿಮೆಯಿಲ್ಲವೆಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕಿ ಮುಗಿಸಿತ್ತು. ಎರಡು ಹೆಜ್ಜೆ ಮುಂದೆ ಹೋಗಿ, "ಅಮ್ಮಾ, ನಾನು 1500 ಕೊಡ್ತೀನಿ" ಎನ್ನಬಹುದಿತ್ತು. ಅನ್ನಲಿಲ್ಲ. ಅಂಗಡಿಯವನ ವ್ಯಾಪಾರಕ್ಕೆ ಅಡ್ಡ ಬರುವುದು ಧರ್ಮವಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮಗೆ ಲಾಭವಿರುವ ಕಡೆ ಧರ್ಮ ಎಷ್ಟು ಬೇಗ ನೆನಪಾಗುತ್ತದೆ!

ದುಡ್ಡು ಸೆರಗಿನ ತುದಿಗೆ ಕಟ್ಟಿ ತಿರುಗಿದವರು ನನ್ನನ್ನು ನೋಡಿ ಬೆಚ್ಚಿದರು. ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ.

"ಓ, ಟೀಚರಾ... ಸುಮ್ನೆ ಜಾಗ ಹಿಡ್ಕೊಂಡಿತ್ತು ಟೀಚರ್. ಕುಕ್ಕರ್ ಇರೋವಾಗ ಇದ್ರಲ್ಲಿ ಅನ್ನ ಯಾರು ಮಾಡ್ತಾರೆ?"

"ಹೌದು ಹೌದು" ಎಂದು ನಾನು ತಲೆಯಾಡಿಸಿದೆ.

ಅವರು ಹೋದ ಮೇಲೆ 1000 ರೂಪಾಯಿ ಕೊಟ್ಟು ಪಾತ್ರೆ ತಂದೆ. ರಾತ್ರಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದಂತೆ ಕಂಠದ ಮೇಲೆ ಒಂದೊಂದೇ ಚುಕ್ಕೆ ಬೆಳಗಿ ಹೆಣ್ಣು ಹೆಸರೊಂದು ಮೂಡಿತು. ಕೈ ಅಲ್ಲೇ ನಿಂತಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ನಮ್ಮ ಜಗಲಿಯ ಮೇಲೆ ಕೇಳಿದ ಮಾತೇ ಆ ಸಂಜೆ ಗುಜರಿ ಅಂಗಡಿಯಲ್ಲೂ ಕೇಳಿತ್ತು. ಆಗಲೂ ತಲೆಯಾಡಿಸಿದ್ದೆ, ಈಗಲೂ ತಲೆಯಾಡಿಸಿದೆ. ವ್ಯತ್ಯಾಸವಿಷ್ಟೆ, ಈ ಸಲ ನಾನು ತಕ್ಕಡಿಯ ಆಚೆ ಬದಿಗಿದ್ದೆ.

ಮುಂದಿನ ತಿಂಗಳು ಪೋಷಕರ ಸಭೆಗೆ ಅವರು ಬಂದರು. ಎಲ್ಲರೂ ಹೋಗುವವರೆಗೆ ಕಾದು ಹೇಳಿದೆ: "ನಿಮ್ಮ ಪಾತ್ರೆ ನಮ್ಮನೇಲಿದೆ. ಯಾವಾಗ ಬೇಕಾದ್ರೂ ಬಂದು ತಗೊಂಡು ಹೋಗಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಷ್ಟು ಕೊಟ್ರಿ ಟೀಚರ್?"

"ಸಾವಿರ."

"ನಂಗೆ ಎಂಟುನೂರು ಕೊಟ್ಟ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ, ಬರೀ ಲೆಕ್ಕ. ಆ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವರೇ, "ನಮ್ಮತ್ತೇದು ಅದು. ಕರಗಿಸಿಬಿಡ್ತಾರೇನೋ ಅಂತ ಹೊಟ್ಟೆ ಉರೀತಿತ್ತು. ನಿಮ್ಮನೇಲೇ ಇರ್ಲಿ ಬಿಡಿ" ಎಂದು ಎದ್ದರು. ಯಾತಕ್ಕೆ ಮಾರಿದಿರಿ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕರಗಿಸುವುದು ನಿಜ. ಗುಜರಿಗೆ ಬಿದ್ದ ಹಿತ್ತಾಳೆ ಬಹುಪಾಲು ಮೂಸೆಗೆ ಹೋಗುತ್ತದೆ. ನಲ್ಲಿಯಾಗಿಯೋ ಬಾಗಿಲ ಚಿಲಕವಾಗಿಯೋ ಮತ್ತೆ ಹುಟ್ಟುತ್ತದೆ. ನಮ್ಮಮ್ಮನ ಬಿಂದಿಗೆ ಈಗ ಯಾರ ಮನೆಯ ಬಚ್ಚಲಲ್ಲಿ ನೀರು ಸುರಿಸುತ್ತಿದೆಯೋ. ಇದು ತಿಳಿದೂ ಚಿಕ್ಕಪೇಟೆಗೆ ಹೋಗುವುದನ್ನು ನಾನು ಬಿಟ್ಟಿಲ್ಲ. ಟಾರ್ಪಾಲಿನವರೊಡನೆ ಚೌಕಾಶಿಯನ್ನೂ ಬಿಟ್ಟಿಲ್ಲ. ಅವರೂ ನನಗಿಂತ ಕಡಿಮೆಯವರೇನಲ್ಲ. ಆದರೆ ತನ್ನ ಮನೆಯ ಪಾತ್ರೆಯನ್ನು ತಾನೇ ತಂದು ನಿಂತವರು ಕಂಡರೆ ಮೊದಲು ನಾನೇ ಮಾತಾಡುತ್ತೇನೆ. ಇದರಿಂದ ಗುಜರಿಯವನಿಗೆ ನನ್ನ ಮೇಲೆ ಅಸಮಾಧಾನವಾಗಿ, ಎತ್ತಿಡುವುದನ್ನು ನಿಲ್ಲಿಸಿದ್ದಾನೆ.

ಆ ಕೊಳದಪ್ಪಲೆಗೆ ಕಲಾಯಿ ಹಾಕಿಸಿ, ಹೆಸರು ಎದುರಿಗೆ ಕಾಣುವಂತೆ ಅಡುಗೆಮನೆಯ ಹಲಗೆಯ ಮೇಲಿಟ್ಟಿದ್ದೇನೆ. ಬಂದವರು, "ಎಷ್ಟು ಚೆನ್ನಾಗಿದೆ, ನಿಮ್ಮತ್ತೇದಾ?" ಎಂದು ಕೇಳುತ್ತಾರೆ. "ಅಲ್ಲ, ನಮ್ಮ ಶಾಲೆಯ ಹುಡುಗಿಯೊಬ್ಬಳ ಅಜ್ಜಿಯದು. ಅವಳಿಗೆ ಬೇಕಾಗುವವರೆಗೆ ಇಲ್ಲಿರುತ್ತೆ" ಎನ್ನುತ್ತೇನೆ. ಯಜಮಾನರ ಭಾನುವಾರದ ಪ್ರಶ್ನೆಗೂ ಈಗ ನನ್ನ ಹತ್ತಿರ ಒಂದು ಉತ್ತರವಿದೆ. ಯಾರ ಮನೆಯದು ಅಂತ ಕಂಠದ ಮೇಲೆ ಬರೆದೇ ಇರುತ್ತದೆ, ಓದಬೇಕು ಅಷ್ಟೆ.