ಹತ್ತಿದ ಗೇರಲ್ಲೇ ಇಳಿ

ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆ ಮುಂದೆ ಕೂತು ರಾತ್ರಿಯಿಡೀ ಸೌದೆ ತಳ್ಳುವಾಗ ನಮ್ಮ ರಾವಂದೂರಿನ ಕಡೆಯವರಿಗೆ ಕಥೆ ಬಿಟ್ಟರೆ ಬೇರೆ ದಿಕ್ಕಿಲ್ಲ. ತೂಕಡಿಸಿದರೆ ಬೆಂಕಿಯ ಹದ ತಪ್ಪುತ್ತದೆ, ಹೊಗೆಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಹಾಗೆ ಕೂತಾಗಲೆಲ್ಲ ದೊಡ್ಡಪ್ಪ ನನ್ನ ಮಾನ ಕಳೆಯುವ ಕಥೆಯೊಂದಿದೆ. ಅವರು ಹೇಳಿದರೆ ಉಪ್ಪುಖಾರ ಜಾಸ್ತಿ, ನಾನೇ ಹೇಳಿಬಿಡುತ್ತೇನೆ.

ಹೊಸ ಆಟೊಮ್ಯಾಟಿಕ್ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೆವು. ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ ದಾಟಿ ಮಡಿಕೇರಿ ಸೇರುವವರೆಗೂ "ಕ್ಲಚ್ಚೇ ಇಲ್ಲ ನೋಡಿ ದೊಡ್ಡಪ್ಪ" ಅಂತ ನಾನು ಮೆರೆದದ್ದೇ ಮೆರೆದದ್ದು. ಅವರೋ, ಒಂದು ಕಾಲದಲ್ಲಿ ಕೆ.ಆರ್. ನಗರದ ಅಕ್ಕಿ ಲೋಡಿನ ಲಾರಿಯನ್ನು ಮಡಿಕೇರಿಯಾಚೆಯ ಇದೇ ಘಾಟಿ ಇಳಿಸಿ, ಮಂಗಳೂರು ಹೆಂಚು ಹೇರಿಕೊಂಡು ಹತ್ತಿದವರು. ತುಟಿ ಬಿಚ್ಚಲಿಲ್ಲ.

ಇಳಿಜಾರು ಶುರುವಾಯಿತು. ಗೇರು 'ಡಿ'ಯಲ್ಲಿ, ಕಾಲು ಬ್ರೇಕಿನ ಮೇಲೆ. ಮದೆನಾಡು ದಾಟಿ, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಜೋಡುಪಾಲ ಹತ್ತಿರವಾದಾಗ ದೊಡ್ಡಪ್ಪ ಮೂಗರಳಿಸಿದರು.

"ಏನೋ ಸೀಯ್ತಾ ಅದೆ ಕಣ್ಲಾ."

ಬ್ರೇಕು ಒತ್ತಿದೆ. ಮೆತ್ತಗಿತ್ತು, ಹಿಡಿಯಬೇಕಾದಷ್ಟು ಹಿಡಿಯಲಿಲ್ಲ. ಹೇಗೋ ಅಂಚಿಗೆ ತಂದು ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಸಣ್ಣಗೆ ಹೊಗೆ. ನೀರಿನ ಬಾಟಲಿ ಹಿಡಿದು ಓಡಿದರೆ ಕಿತ್ತುಕೊಂಡರು: "ಕಾದ ಕಬ್ಬಿಣಕ್ಕೆ ತಣ್ಣೀರು ಹುಯ್ದೀಯಾ? ಸೀಳು ಬಿಡ್ತದೆ!"

ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಒಂದು ಟನ್ ಕಾರು ಮಡಿಕೇರಿಯಿಂದ ಸುಳ್ಯದ ಕಡೆಗೆ ಸುಮಾರು ಸಾವಿರ ಮೀಟರ್ ಇಳಿಯುತ್ತದೆ. ಆ ಶಕ್ತಿಯೆಲ್ಲ ಬ್ರೇಕಿಗೇ ಬಿದ್ದರೆ, ಹೆಚ್ಚುಕಡಿಮೆ 30 ಲೀಟರ್ ತಣ್ಣೀರು ಕುದಿ ಬರುವಷ್ಟು ಕಾವು! ಬ್ರೇಕ್ ಪ್ಯಾಡು ಸೀಯದೆ ಇನ್ನೇನು? ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ 'ಡಿ'ಯಲ್ಲಿ ಕಾರು ತಾನಾಗಿಯೇ ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಎಂಜಿನ್ನಿನ ತಡೆ ಸಿಗುವುದು ತೀರ ಕಡಿಮೆ.

ಅರ್ಧ ಗಂಟೆ ಕಾದೆವು. ದೊಡ್ಡಪ್ಪ ಒಳಗೆ ಬಗ್ಗಿ ಗೇರಿನ ಕಡ್ಡಿ ನೋಡಿದರು. "ಇದೇನ್ಲಾ, ಎಮ್ಮು? ಪಕ್ಕದಾಗೆ ಮೈನಸ್ಸು?"

"ಕೈಯಿಂದ ಗೇರು ಇಳಿಸೋಕೆ."

"ಇಟ್ಕೊಂಡೂ ಇಳಿಸ್ಲಿಲ್ವಾ! ಹತ್ತೋ ಗೇರಲ್ಲೇ ಇಳೀಬೇಕು ಅಂತ ಕ್ಲೀನರ್ ಹುಡುಗ್ನಿಗೂ ಗೊತ್ತು."

ಬ್ರೇಕು ಮತ್ತೆ ಗಟ್ಟಿಯಾಗಿದ್ದನ್ನು ನೋಡಿಕೊಂಡು, ಎರಡನೇ ಗೇರಿಗೆ ಹಾಕಿ ನಿಧಾನ ಹೊರಟೆ. ಕಾಲು ತೆಗೆದರೆ ಎಂಜಿನ್ನು ಗೋಳಿಟ್ಟಿತು. ಒಡೆದೇ ಹೋಗುತ್ತದೇನೋ ಅಂದುಕೊಂಡೆ. "ಕೂಗ್ಲಿ ಬಿಡು, ತಡೀತಾ ಅದೆ" ಅಂದರು. ನಿಜ, ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ. ತಿರುವಿನಲ್ಲಷ್ಟೇ ಬ್ರೇಕು, ಒಂದು ಒತ್ತು, ಮತ್ತೆ ಬಿಡು. ಕೊಯನಾಡು ಬಂದದ್ದೇ ತಿಳಿಯಲಿಲ್ಲ.

ಸಂಪಾಜೆಯಲ್ಲಿ ಟೀಗೆ ಇಳಿದಾಗ ದೊಡ್ಡಪ್ಪ ಮೊದಲು ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಬ್ಯಾರನ್ನಿನ ಗೋಡೆಗೆ ಹಿಡಿಯುವ ಹಾಗೆ ಅಂಗೈ ದೂರದಿಂದಲೇ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು, "ಹದವಾಗಿ ಅದೆ" ಅಂದರು.