ಕೇಪಿನ ಕೋವಿಯ ಜಾತಕ

ನಾವು ಕೋವಿ ಎನ್ನುವುದನ್ನು ನಮ್ಮ ಮಲಯಾಳಿ ನೆರೆಯವರು ತೋಕ್ಕ್ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಕಾಸರಗೋಡಿನ ಹಳೆಯ ಅಡಿಕೆ ತೋಟದ ಮನೆಗಳಲ್ಲಿ ಬಾಯಿಯಿಂದ ಮದ್ದು ತುಂಬಿಸುವ ಕೇಪಿನ ಕೋವಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿದೆ. ಅವುಗಳಲ್ಲಿ ಕೆಲವಕ್ಕೆ ಪಟಾಲಮಿನ ಪೂರ್ವಾಶ್ರಮವುಂಟು.

ನಮ್ಮ ನೆರೆಮನೆಯಲ್ಲಿ ಅಂಥದ್ದೊಂದಿತ್ತು. ಯಜಮಾನರು ತೀರಿಕೊಂಡ ಮೇಲೆ ಪಾಲಿನ ಮಾತು ಬಂತು. ಬೆಂಗಳೂರಿನಲ್ಲಿರುವ ಮಗನಿಗೆ ಯಾರೋ ಹೇಳಿದ್ದರಂತೆ, 'ಟವರ್' ಎಂದು ಬರೆದ ಕೋವಿಗೆ ಲಕ್ಷಗಟ್ಟಲೆ ಬರುತ್ತದೆ ಎಂದು. ಮಾರಿ ಮೂರು ಪಾಲು ಮಾಡುವುದೆಂದಾಯಿತು. ದೊಡ್ಡಮ್ಮ ಏನೂ ಹೇಳಲಿಲ್ಲ. "ಮಾಷ್ಟ್ರೇ, ನೀವು ಚರಿತ್ರೆ ಕಲಿಸಿದವರು, ಒಮ್ಮೆ ನೋಡಿ ಹೇಳಿ" ಎಂದು ನನ್ನನ್ನು ಕರೆದರು.

ಹಳೆಯ ಕೋವಿಯನ್ನು ನೋಡುವ ಮೊದಲು ಅದು ಖಾಲಿಯೋ ಎಂದು ನೋಡಬೇಕು. ಗಜವನ್ನು ನಳಿಗೆಯೊಳಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಹೊರಗಿನಿಂದ ಹಿಡಿದು ಅಳೆದೆ. ಗಜ ತಳ ಮುಟ್ಟಿರಲಿಲ್ಲ. ನಾಲ್ಕು ಬೆರಳಿನಷ್ಟು ಮೇಲೆಯೇ ನಿಂತಿತ್ತು. ಎಂದೋ ಹಂದಿಗೆಂದು ತುಂಬಿಸಿದ ಮದ್ದು ಮತ್ತು ಚರೆ! ಮಕ್ಕಳನ್ನು ಜಗಲಿಯಿಂದ ಇಳಿಸಿದೆವು. ಲೈಸನ್ಸಿರುವ ರಿಪೇರಿಯವರು ಬಂದು ಅದನ್ನು ಹೊರತೆಗೆದ ಮೇಲೆಯೇ ಉಳಿದ ಮಾತು. ಅದೇ ಜಗಲಿಯ ಗೋಡೆಯಲ್ಲಿ, ತೊಟ್ಟಿಲ ನೇರಕ್ಕೆ, ಅದು ಎಷ್ಟು ವರ್ಷ ತೂಗಿತ್ತೋ.

ಲಾಕಿನ ತಗಡಿನ ಮೇಲೆ ಕಿರೀಟ, ಅದರ ಕೆಳಗೆ ವಿ.ಆರ್., ಎದುರಿಗೆ 'ಟವರ್'. ವರ್ಷದ ಮೂರನೆಯ ಅಂಕಿ ಮಾಸಿ 18, ಮತ್ತೆ 9 ಮಾತ್ರ ಉಳಿದಿದೆ. ಆಯುಧಪೂಜೆಗೆ ಪ್ರತಿವರ್ಷ ದೀಪದ ಜೊತೆ ಕೋವಿಯನ್ನೂ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದ್ದರ ಫಲ. (ಹಳೆಯ ಕಬ್ಬಿಣಕ್ಕೆ ಒಂದಿಷ್ಟು ಎಣ್ಣೆ ಸಾಕು, ಹೊಳಪು ಬೇಡ. ಅಕ್ಷರ ಹೋದರೆ ಬೆಲೆಯೂ ಹೋಯಿತು.) 1866ರಲ್ಲಿ ಹಿಂದಿನಿಂದ ತೋಟೆ ತುಂಬಿಸುವ ಸ್ನೈಡರ್ ಬಂದಿತು, ಆಮೇಲೆ ಬ್ರಿಟಿಷರು ತಮ್ಮ ಸೈನ್ಯಕ್ಕೆ ಇಂಥದ್ದನ್ನು ಹೊಸದಾಗಿ ಮಾಡಿಸುವ ಅಗತ್ಯವಿರಲಿಲ್ಲ. ಆದ್ದರಿಂದ 1869 ಅಲ್ಲ, 1859 ಇರಬೇಕು.

1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ನಳಿಗೆ 39 ಇಂಚು ಉದ್ದ, ಬಾಯಿ 14.7 ಮಿ.ಮೀ. ಅಗಲ, ಒಳಗೆ ಮೂರು ತಿರುಚು ಗೆರೆ. ಕೊಬ್ಬು ಸವರಿದ ಅದರ ತೋಟೆಯಿಂದಲೇ 1857ರಲ್ಲಿ ಸಿಪಾಯಿಗಳು ಕೆರಳಿದ್ದು ಎಲ್ಲರಿಗೂ ಗೊತ್ತು. ಆಮೇಲೆ ನಡೆದದ್ದನ್ನು ಪಾಠಪುಸ್ತಕ ಹೇಳುವುದಿಲ್ಲ. ನೋಡಲು ಅದರಂತೆಯೇ ಇರುವ, ಆದರೆ ಗೆರೆಯಿಲ್ಲದ ನುಣ್ಣನೆಯ ನಳಿಗೆಯ ಕೋವಿಯನ್ನು ದೇಶೀ ಸಿಪಾಯಿಗಳಿಗೆಂದೇ ಮಾಡಿಸಿದರು. ಗೆರೆಯಿಲ್ಲದಿದ್ದರೆ ಗುಂಡು ದೂರಕ್ಕೆ ನೇರ ಹೋಗದು; ಗೋರಾ ಸೋಲ್ಜರನ ಕೈಯಲ್ಲಿರುವುದು ಯಾವಾಗಲೂ ಮೇಲಿನದೇ ಆಗಿರಬೇಕು. ಈ ನಳಿಗೆಯ ಬಾಯಿ ಅಳೆದರೆ 16.7 ಮಿ.ಮೀ. ಒಳಗೆ ಬೆರಳಾಡಿಸಿದರೆ ಗೆರೆಯೇ ಇಲ್ಲ. ಗುರಿ ನೋಡುವ ಏಣಿಪಟ್ಟಿಯ ಬದಲು ಒಂದು ಸಣ್ಣ ಗಟ್ಟಿ ಮಾತ್ರ. ಸಿಪಾಯಿಯನ್ನು ನಂಬದೆ ಮಾಡಿಸಿದ ಕೋವಿ ಇದು.

ಹಾಗಾದರೆ ಅಸಲಿಯೇ? ಎನ್‌ಫೀಲ್ಡ್ ಕಾರ್ಖಾನೆಯ ಯಂತ್ರದಲ್ಲಿ ಆದ ಬಿಡಿಭಾಗಗಳನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಗುತ್ತಿಗೆಯ ಕಮ್ಮಾರರು ಮಾಡಿದ ಟವರ್ ಕೋವಿ ಹಾಗಲ್ಲ. ಕೈಯಿಂದ ರಾಜಿ ಕೂಡಿಸಿದ್ದು. ಯಾವುದು ಯಾವುದಕ್ಕೆ ಎಂದು ತಿಳಿಯಲು ಒಳಬದಿಯಲ್ಲಿ ಅರದಿಂದ ಗೀರು ಹಾಕುತ್ತಿದ್ದರು. ರಿಪೇರಿಯವರು ಬಿಚ್ಚಿ ತೋರಿಸಿದರು: ಲಾಕಿನಲ್ಲಿ ಮೂರು ಗೀರು, ನಳಿಗೆಯಡಿ ಐದು. ಒಂದೇ ತಾಯಿಯ ಮಕ್ಕಳಲ್ಲ. ನಳಿಗೆಯನ್ನು ಯಾರೋ 30 ಇಂಚಿಗೆ ತುಂಡರಿಸಿದ್ದಾರೆ. ಮರವೂ ವಿಲಾಯತಿಯ ಅಕ್ರೋಟಲ್ಲ, ನಮ್ಮ ಹಲಸು. ಊರಿನ ಆಚಾರಿಯ ಕೆಲಸ. ಒಳ್ಳೆಯ ಕೆಲಸ ಎನ್ನಲೇಬೇಕು.

"ಎಷ್ಟು ಬರಬಹುದು ಮಾಷ್ಟ್ರೇ?" ಎಂದು ಮಗ ಮತ್ತೆ ಕೇಳಿದ.

ಸಂಗ್ರಹ ಮಾಡುವವರಿಗೆ ಇದು ಕೂಡಿಸಿದ ಕೋವಿ, ಅಷ್ಟೆ. 2003ರಲ್ಲಿ ಕಾಠ್ಮಂಡುವಿನ ಹಳೆಯ ಆಯುಧಾಗಾರದಿಂದ 50,000ಕ್ಕೂ ಹೆಚ್ಚು ಕೋವಿಗಳನ್ನು ಅಮೆರಿಕದ ವ್ಯಾಪಾರಿಗಳು ಕೊಂಡೊಯ್ದ ಮೇಲೆ ಅಲ್ಲಿ ಇಂಥವಕ್ಕೆ ಬರವಿಲ್ಲ. ನೂರು ವರ್ಷ ದಾಟಿದ ಪ್ರಾಚ್ಯವಸ್ತುವನ್ನು ಇಲ್ಲಿಂದ ಹೊರದೇಶಕ್ಕೆ ಕಳಿಸಲು 1972ರ ಕಾನೂನು ಬಿಡದು. ಈಡು ಹಾರುವ ಕೋವಿಯಾದ ಕಾರಣ ಲೈಸನ್ಸು ಬೇಕೇ ಬೇಕು; ಸಿಕ್ಕಿದವರಿಗೆ ಕೊಡುವಂತಿಲ್ಲ. ಲಕ್ಷದ ಮಾತು ಬಿಡು ಎಂದೆ.

ಆಗ ದೊಡ್ಡಮ್ಮ ಒಳಗಿನಿಂದ ಲೈಸನ್ಸಿನ ಕಟ್ಟು ತಂದರು. ಕೋವಿಯಲ್ಲಿ ಸಿಗದ ಅಸಲಿತನ ಅಲ್ಲಿತ್ತು. ಮೊದಲಿನ ಕಾಗದಗಳು ಮದ್ರಾಸು ಸರಕಾರದ ದಕ್ಷಿಣ ಕನ್ನಡ ಜಿಲ್ಲೆಯವು. 1956ರ ನಂತರದವು ಕಣ್ಣೂರು ಜಿಲ್ಲೆಯವು, 1984ರ ನಂತರದವು ಕಾಸರಗೋಡಿನವು. ಮೊಹರು ಬದಲಾಗಿದೆ, ಭಾಷೆ ಬದಲಾಗಿದೆ. ನಳಿಗೆಯ ನಂಬರು ಮಾತ್ರ ಎಲ್ಲದರಲ್ಲೂ ಒಂದೇ. ಒಂದು ವರ್ಷವೂ ತಪ್ಪಿಲ್ಲ.

ಯಜಮಾನರ ಹೆಸರಿನ ಲೈಸನ್ಸು ಅವರೊಂದಿಗೇ ಮುಗಿಯಿತಲ್ಲ, ಹೊಸತು ಆಗುವವರೆಗೆ ಕೋವಿಯನ್ನು ಠಾಣೆಯಲ್ಲಿ ಇಡಬೇಕು. ಅರ್ಜಿ ದೊಡ್ಡಮ್ಮನ ಹೆಸರಿನಲ್ಲಿಯೇ ಆಗಲಿ ಎಂದು ಹೆಣ್ಣುಮಕ್ಕಳಿಬ್ಬರೂ ಹೇಳಿದರು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಕಾರಿನಲ್ಲಿ ಕೊಂಡೊಯ್ದ.

ರಶೀದಿ ಮಲಯಾಳದಲ್ಲಿತ್ತು. ದೊಡ್ಡಮ್ಮ ಓದಿಸಿದರು. 'ಒರು ಪಳಯ ತೋಕ್ಕ್' ಎಂದಿತ್ತು.

"ಟವರ್ ಎಂದು ಬರೆಯಲಿಲ್ಲವಾ?" ಎಂದು ಕೇಳಿದರು.